ಯಾವಾಗ ಸ್ಟಾರ್ಟ್ ಆಗಲ್ಲ?

ಹಳೇ ಬೈಕ್ ಇಟ್ಟುಕೊಂಡವರಿಗೆ ಒಂದು ಸಮಾಧಾನದ ಮಾತು ಸದಾ ಸಿಗುತ್ತದೆ. "ಹಳೇ ಗಾಡಿ ಅಲ್ವಾ, ಹಾಗೇನೇ. ಮೂಡ್ ಬಂದಾಗ ಸ್ಟಾರ್ಟ್ ಆಗುತ್ತೆ ಬಿಡಿ." ಹೇಳುವವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಈ ಮಾತನ್ನು ನಾನು ಒಪ್ಪುವುದಿಲ್ಲ. ಗಾಡಿಗೆ ಮೂಡ್ ಅಂತ ಒಂದು ಇರುವುದಿಲ್ಲ. ಹೊಸದಾಗಿದ್ದಾಗ ಎರಡನೇ ಕಿಕ್‌ಗೆ ಎದ್ದು ನಿಲ್ಲುತ್ತಿದ್ದ ಇಂಜಿನ್ ಈಗ ಏಳುತ್ತಿಲ್ಲ ಅಂದರೆ, ಒಳಗೆ ಯಾವುದೋ ಒಂದು ವಸ್ತು ಮೊದಲಿನ ಹಾಗೆ ಇಲ್ಲ. ಅದನ್ನು ಹುಡುಕಬಹುದು. ಹುಡುಕಿದರೆ ಸಿಗುತ್ತದೆ.

ನಮ್ಮ ಮನೆಯಲ್ಲಿರುವುದು ಮೈಸೂರಿನ ಜಾವಾ 250. ಸೋದರಮಾವ ಓಡಿಸುತ್ತಿದ್ದ ಗಾಡಿ. ಮೈಸೂರಿನವರಿಗೆ ಈ ಬೈಕ್ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಚೆಕೊಸ್ಲೊವಾಕಿಯಾದ ವಿನ್ಯಾಸ, ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ, 1961ರಿಂದ ತಯಾರಿಕೆ. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಆಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆ ಕಾರ್ಖಾನೆಯ ಸೈರನ್ನು, ಶಿಫ್ಟ್ ಬಿಟ್ಟಾಗ ಗೇಟಿನ ಮುಂದೆ ಸೇರುತ್ತಿದ್ದ ಜನ, ಇವನ್ನೆಲ್ಲ ನೆನಪು ಮಾಡಿಕೊಳ್ಳುವವರು ಈಗಲೂ ಊರಿನಲ್ಲಿ ಇದ್ದಾರೆ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಆ ಕಾಲಕ್ಕೆ ಇದು ಭಾನುವಾರದ ಗಾಡಿ ಆಗಿರಲಿಲ್ಲ. ಮೇಷ್ಟ್ರು ಇದರಲ್ಲೇ ಶಾಲೆಗೆ ಹೋಗುತ್ತಿದ್ದರು. ಕಾಫಿ ತೋಟದವರು ಏರು ದಾರಿಯಲ್ಲಿ ಇದನ್ನೇ ಹತ್ತಿಸುತ್ತಿದ್ದರು. ಹಾಲಿನ ಕ್ಯಾನು ಕಟ್ಟಿಕೊಂಡು ಬೆಳಗಿನ ಜಾವ ಹೊರಡುವವರಿಗೂ ಇದೇ ಗಾಡಿ. ದಿನಾ ಬೆಳಗ್ಗೆ ಅರ್ಧ ಗಂಟೆ ಕಿಕ್ ಹೊಡೆಸುವ ಬೈಕನ್ನು ಇವರೆಲ್ಲ ಕೊಳ್ಳುತ್ತಿದ್ದರಾ? ಸುಲಭವಾಗಿ ಸ್ಟಾರ್ಟ್ ಆಗುವುದೇ ಇದರ ಸಹಜ ಗುಣ. ನಾವು ಆ ಗುಣವನ್ನು ಅದಕ್ಕೆ ವಾಪಸ್ ಕೊಡಬೇಕು.

ಕಾರ್ಖಾನೆ ನಡೆಯುತ್ತಿದ್ದ ಕಾಲದಿಂದಲೂ ಇದೇ ಕೆಲಸ ಮಾಡಿಕೊಂಡು ಬಂದಿರುವ ಮೇಸ್ತ್ರಿ ಒಬ್ಬರು ನಮ್ಮ ಕಡೆ ಇದ್ದಾರೆ. ಗಾಡಿ ತಳ್ಳಿಕೊಂಡು ಹೋಗಿ "ಮೇಸ್ತ್ರಿ, ಸ್ಟಾರ್ಟ್ ಆಗ್ತಿಲ್ಲ" ಅಂದರೆ ಅವರು ಸ್ಪ್ಯಾನರ್ ಮುಟ್ಟುವುದಿಲ್ಲ. ಮೊದಲು ಕೇಳುವುದು ಒಂದೇ ಪ್ರಶ್ನೆ.

"ಯಾವಾಗ ಆಗಲ್ಲ ಸಾರ್?"

ಬೆಳಗ್ಗೆ ತಣ್ಣಗಿರುವಾಗಲೋ, ಓಡಿಸಿ ನಿಲ್ಲಿಸಿದ ಮೇಲೋ? ತಿಂಗಳುಗಟ್ಟಲೆ ನಿಂತ ಮೇಲೋ, ದಿನಾ ಓಡುವಾಗಲೋ? ಹಠಾತ್ತನೆ ಶುರುವಾಯಿತೋ, ಬರಬರುತ್ತಾ ಜಾಸ್ತಿ ಆಯಿತೋ? ಇದಕ್ಕೆಲ್ಲ ಉತ್ತರ ಸಿಗುವವರೆಗೆ ಅವರು ಗಾಡಿ ಬಿಚ್ಚುವುದಿಲ್ಲ. ಬೇರೆ ಕಡೆ ನೋಡಿದ್ದೇನೆ, ಗಾಡಿ ಬಂದ ಕೂಡಲೇ ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸುವ ಕಾರ್ಬೊರೇಟರ್ ಇಳಿಸಿಬಿಡುತ್ತಾರೆ. ಕಾರ್ಬೊರೇಟರ್ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ, ತೊಳೆದರೆ ಕೆಲಸ ಮಾಡಿದ ಹಾಗೆ ಇರುತ್ತದೆ. ಆದರೆ ಆ "ಯಾವಾಗ" ಅನ್ನುವ ಪ್ರಶ್ನೆಯಲ್ಲೇ ಅರ್ಧ ಉತ್ತರ ಇರುತ್ತದೆ ಅಂತ ನನಗೆ ಮನದಟ್ಟಾಗಿದ್ದು ಬಿಸಿ ಇಂಜಿನ್ನಿನ ಒಂದು ತೊಂದರೆಯಿಂದ.

ಆಗ ನಮ್ಮ ಗಾಡಿ ಬೆಳಗ್ಗೆ ಚೆನ್ನಾಗಿಯೇ ಸ್ಟಾರ್ಟ್ ಆಗುತ್ತಿತ್ತು. ನಂಜನಗೂಡಿನ ಕಡೆಗೋ ಶ್ರೀರಂಗಪಟ್ಟಣದ ಕಡೆಗೋ ಹೊರಟರೆ ಹೋಗುವ ತನಕ ಏನೂ ತಕರಾರಿಲ್ಲ. ಎಲ್ಲಾದರೂ ಟೀ ಕುಡಿಯಲು ನಿಲ್ಲಿಸಿದರೆ ಮುಗಿಯಿತು. ಎಷ್ಟು ಕಿಕ್ ಹೊಡೆದರೂ ಸದ್ದಿಲ್ಲ. ಇಂಜಿನ್ ಪೂರ್ತಿ ಆರುವ ತನಕ ಕಾದರೆ ಏನೂ ಆಗಿಲ್ಲ ಅನ್ನುವಂತೆ ಮತ್ತೆ ಸ್ಟಾರ್ಟ್. ನೋಡಿದವರೆಲ್ಲ ಒಂದೊಂದು ಹೇಳಿದರು. ಕಾಯಿಲ್ ಹೋಗಿದೆ ಅಂದರು ಒಬ್ಬರು. ಪೆಟ್ರೋಲ್ ಆವಿ ಕಟ್ಟಿಕೊಳ್ಳುತ್ತಿದೆ ಅಂದರು ಇನ್ನೊಬ್ಬರು. ಕಾರ್ಬೊರೇಟರಿನ ಜೆಟ್ ಬದಲಾಯಿಸು ಅಂದವರೂ ಇದ್ದರು.

ಮೇಸ್ತ್ರಿ ಗಾಡಿಯನ್ನು ಚೆನ್ನಾಗಿ ಸುತ್ತಾಡಿಸಿಕೊಂಡು ಬರಲು ಹೇಳಿದರು. ಬಿಸಿ ಇಂಜಿನ್ನನ್ನು ಹಾಗೇ ಸ್ಟ್ಯಾಂಡ್ ಹಾಕಿಸಿ, ಬಲಗಡೆಯ ಕವರ್ ತೆಗೆದರು. ಜಾವಾದಲ್ಲಿ ಡೈನಮೋ, ಪಾಯಿಂಟ್ (ಕಿಡಿಗಾಗಿ ಕರೆಂಟನ್ನು ಸೇರಿಸಿ ಬಿಡಿಸುವ ಪುಟ್ಟ ಸ್ವಿಚ್ಚು), ಕಂಡೆನ್ಸರ್ ಎಲ್ಲ ಆ ಒಂದು ಕವರಿನ ಹಿಂದೆಯೇ ಇವೆ. ಸಿಲಿಂಡರ್ ಒಳಗೆ ಕಿಡಿ ಹಾರಿಸುವ ಪ್ಲಗ್ ಬಿಚ್ಚಿ ಕ್ಯಾಪಿಗೆ ಸಿಕ್ಕಿಸಿ, ಸಿಲಿಂಡರಿನ ರೆಕ್ಕೆಗೆ ತಾಗಿಸಿ ಇಟ್ಟರು. "ನೀವು ಮೆಲ್ಲಗೆ ಕಿಕ್ ಒತ್ತಿ, ನಾನು ನೋಡ್ತೀನಿ" ಅಂದರು. ಅವರು ನೋಡಿದ್ದು ಪ್ಲಗ್ಗನ್ನಲ್ಲ, ಪಾಯಿಂಟನ್ನು. ಕೈಯಿಂದ ಬೆಳಕು ಮರೆ ಮಾಡಿ ಬಗ್ಗಿ ನೋಡುತ್ತಿದ್ದರು. ಆಮೇಲೆ ನನ್ನನ್ನೂ ಕರೆದು ತೋರಿಸಿದರು. ಪಾಯಿಂಟ್ ಬಿಟ್ಟುಕೊಳ್ಳುವ ಪ್ರತಿ ಸಲ ಅದರ ನಡುವೆ ನೀಲಿ ಬಿಳಿಯ ಒಂದು ದಪ್ಪ ಕಿಡಿ. ಆ ಹೊತ್ತಿಗೆ ಪ್ಲಗ್ಗಿನ ತುದಿಯಲ್ಲಿ ಇದ್ದದ್ದು ಮಂಕಾದ, ಕಿತ್ತಳೆ ಬಣ್ಣದ ತೆಳ್ಳನೆ ಕಿಡಿ. ಪ್ಲಗ್ಗಿಗೆ ಹೋಗಬೇಕಾದ ಬೆಂಕಿ ಪಾಯಿಂಟಿನಲ್ಲೇ ಖರ್ಚಾಗುತ್ತಿತ್ತು.

"ಕಂಡೆನ್ಸರ್ ಸಾರ್. ತಣ್ಣಗಿದ್ದಾಗ ತಡೀತದೆ, ಬಿಸಿ ಆದ್ರೆ ಬಿಟ್ಬಿಡ್ತದೆ."

ಇದು ಹೇಗೆ ಅಂತ ತಿಳಿದರೆ ಗಾಡಿಯ ಅರ್ಧ ಗುಟ್ಟು ತಿಳಿದ ಹಾಗೆ. ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಬ್ಯಾಟರಿಯಿಂದ 6 ವೋಲ್ಟ್ ಕರೆಂಟು ಕಾಯಿಲಿಗೆ ಹೋಗುತ್ತದೆ. ಪಾಯಿಂಟ್ ಮುಚ್ಚಿರುವಾಗ ಆ ಕರೆಂಟು ಕಾಯಿಲಿನ ದಪ್ಪ ತಂತಿ ಸುರುಳಿಯಲ್ಲಿ ಹರಿದು ಒಂದು ಅಯಸ್ಕಾಂತ ಕ್ಷೇತ್ರ ಕಟ್ಟುತ್ತದೆ. ಇಂಜಿನ್ ಜೊತೆ ತಿರುಗುವ ಉಬ್ಬು, ಅಂದರೆ ಕ್ಯಾಮ್, ತಿರುಗಿ ಪಾಯಿಂಟ್ ಬಿಟ್ಟುಕೊಂಡ ಕ್ಷಣ ಕರೆಂಟು ನಿಲ್ಲುತ್ತದೆ, ಕ್ಷೇತ್ರ ಕುಸಿಯುತ್ತದೆ. ಆ ಕುಸಿತದಿಂದಲೇ ತೆಳು ತಂತಿಯ ಸುರುಳಿಯಲ್ಲಿ ಸಾವಿರಾರು ವೋಲ್ಟ್ ಹುಟ್ಟಿ ಪ್ಲಗ್ಗಿಗೆ ಜಿಗಿಯುತ್ತದೆ. ಕುಸಿತ ಎಷ್ಟು ಥಟ್ಟನೆ ಆಗುತ್ತದೋ ಕಿಡಿ ಅಷ್ಟು ಜೋರು. ಆದರೆ ಹರಿಯುತ್ತಿದ್ದ ಕರೆಂಟು ಸುಮ್ನೆ ನಿಲ್ಲುವುದಿಲ್ಲ. ಬಿಟ್ಟುಕೊಂಡ ಪಾಯಿಂಟಿನ ಸಂದಿಯನ್ನೂ ದಾಟಲು ನೋಡುತ್ತದೆ. ಆ ಹೊತ್ತಿಗೆ ಅದನ್ನು ತನ್ನೊಳಗೆ ಎಳೆದುಕೊಳ್ಳುವುದು ಕಂಡೆನ್ಸರ್ ಕೆಲಸ. ಹೆಬ್ಬೆರಳಿಗಿಂತ ಚಿಕ್ಕ ಒಂದು ಡಬ್ಬಿ. ಒಳಗೆ ಲೋಹದ ಹಾಳೆ, ನಡುವೆ ಕಾಗದ. ಆ ಕಾಗದಕ್ಕೆ ವಯಸ್ಸಾಗುತ್ತದೆ. ಬಿಸಿ ಏರಿದಾಗ ಅದರ ತಡೆಯುವ ಶಕ್ತಿ ಕುಗ್ಗಿ ಕರೆಂಟು ಸೋರುತ್ತದೆ. ಸೋರಿದರೆ ಪಾಯಿಂಟಿನಲ್ಲಿ ಕಿಡಿ ಹಾರುತ್ತದೆ, ಕ್ಷೇತ್ರ ನಿಧಾನವಾಗಿ ಕುಸಿಯುತ್ತದೆ, ಪ್ಲಗ್ಗಿಗೆ ಏನೂ ಉಳಿಯುವುದಿಲ್ಲ.

ಇನ್ನೂ ಒಂದು ಗುರುತನ್ನು ಮೇಸ್ತ್ರಿ ತೋರಿಸಿದರು. ಪಾಯಿಂಟಿನ ಒಂದು ಮುಖದಲ್ಲಿ ಸಣ್ಣ ಗುಳಿ, ಎದುರಿನ ಮುಖದಲ್ಲಿ ಅದಕ್ಕೆ ಸರಿಯಾಗಿ ಕೂರುವ ಸಣ್ಣ ಗುಬ್ಬಟೆ. ಉಗುರಿನಿಂದ ಸವರಿದರೆ ಗೊತ್ತಾಗುವಷ್ಟು. ಒಂದು ಕಡೆಯ ಲೋಹ ಇನ್ನೊಂದು ಕಡೆಗೆ ಸಾಗಿ ಹೋಗಿರುತ್ತದೆ. ಹೀಗೆ ಕಂಡರೆ ಕಂಡೆನ್ಸರ್ ಮೇಲೆ ಅನುಮಾನ ಪಡಲೇಬೇಕು. ಪಾಯಿಂಟ್ ಮಾತ್ರ ಉಜ್ಜಿ ಬಿಟ್ಟರೆ ಗಾಡಿ ಒಂದಷ್ಟು ದಿನ ಓಡಿ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತದೆ.

ಹೊಸ ಕಂಡೆನ್ಸರ್ ಹಾಕಿದರೆ ಮುಗಿಯಿತಾ? ಇಲ್ಲೇ ಈಗಿನ ಕಷ್ಟ. ಅಂಗಡಿಗಳಲ್ಲಿ ಸಿಗುವುದು ಎರಡು ಬಗೆ. ಒಂದು, ದಶಕಗಳ ಹಿಂದೆ ತಯಾರಾಗಿ ಡಬ್ಬಿಯಲ್ಲೇ ಕುಳಿತ ಹಳೇ ಮಾಲು. "ಒರಿಜಿನಲ್ ಸಾರ್" ಅಂತ ಜಾಸ್ತಿ ದುಡ್ಡಿಗೆ ಮಾರುತ್ತಾರೆ. ಆದರೆ ಡಬ್ಬಿಯಲ್ಲಿ ಇದ್ದರೂ ಕಾಗದಕ್ಕೆ ವಯಸ್ಸಾಗಿಯೇ ಆಗುತ್ತದೆ. ಇನ್ನೊಂದು, ಹೆಸರಿಲ್ಲದ ಹೊಸ ಮಾಲು. ಅದರಲ್ಲಿ ಕೆಲವು ಒಳ್ಳೆಯವು, ಕೆಲವು ಮೊದಲ ದಿನವೇ ಕೈಕೊಡುತ್ತವೆ. ಹಾಗಾಗಿ ಹೊಸದು ಹಾಕಿದ ಮೇಲೂ ಗಾಡಿ ಸರಿಯಾಗಲಿಲ್ಲ ಅಂದರೆ "ಹಾಗಾದ್ರೆ ಕಂಡೆನ್ಸರ್ ಅಲ್ಲ" ಅಂತ ತೀರ್ಮಾನ ಮಾಡಬಾರದು. ಈಗ ಅನೇಕರು ಸುಮಾರು 0.22 ಮೈಕ್ರೋಫ್ಯಾರಡ್‌ನ, ಜಾಸ್ತಿ ವೋಲ್ಟ್ ತಡೆಯುವ ಪ್ಲಾಸ್ಟಿಕ್ ಫಿಲ್ಮ್ ಕೆಪಾಸಿಟರನ್ನು ತಂದು, ಇಂಜಿನ್ನಿನ ಶಾಖ ತಾಗದಂತೆ ಟ್ಯಾಂಕಿನ ಕೆಳಗೆ ಕಟ್ಟುತ್ತಾರೆ. ಹಳೇ ಡಬ್ಬಿ ನೋಡಲು ಮಾತ್ರ ಅದರ ಜಾಗದಲ್ಲಿ ಇರುತ್ತದೆ. ಎಲ್ಲವೂ ಮೊದಲಿದ್ದ ಹಾಗೇ ಇರಬೇಕು ಅನ್ನುವವರಿಗೆ ಇದು ಒಪ್ಪಿಗೆ ಆಗದಿರಬಹುದು. ನನಗೆ ಒಪ್ಪಿಗೆ. ಗಾಡಿ ಓಡಬೇಕು. ನಮ್ಮ ಗಾಡಿಯಲ್ಲಿ ಈಗ ಹಾಗೇ ಇದೆ, ಟೀ ಅಂಗಡಿ ಮುಂದೆ ನಿಲ್ಲಿಸಲು ಹೆದರಿಕೆ ಇಲ್ಲ.

ಪ್ಲಗ್ಗಿನ ಕಿಡಿಯ ಬಗ್ಗೆ ಇನ್ನೊಂದು ಮಾತು. ಹೊರಗೆ ಹಿಡಿದು ನೋಡಿದಾಗ ಕಿಡಿ ಕಂಡಿತು ಅಂದ ಮಾತ್ರಕ್ಕೆ ಒಳಗೂ ಬರುತ್ತದೆ ಅಂತಲ್ಲ. ಸಿಲಿಂಡರ್ ಒಳಗೆ ಗಾಳಿ ಪೆಟ್ರೋಲಿನ ಮಿಶ್ರಣ ಒತ್ತಡದಲ್ಲಿ ಇರುತ್ತದೆ. ಆ ಒತ್ತಡದಲ್ಲಿ ಅದೇ ಸಂದಿ ದಾಟಲು ತುಂಬಾ ಜಾಸ್ತಿ ವೋಲ್ಟ್ ಬೇಕು. ಹೊರಗೆ ಮಂಕಾಗಿ ಕಾಣುವ ಕಿಡಿ ಒಳಗೆ ಸತ್ತೇ ಹೋಗಬಹುದು. ಚಟಪಟ ಸದ್ದು ಮಾಡುವ ನೀಲಿ ಕಿಡಿ ಬೇಕು. "ಕರೆಂಟ್ ಬರ್ತಿದೆ, ಹಾಗಾಗಿ ತೊಂದರೆ ಪೆಟ್ರೋಲಿನದ್ದು" ಅನ್ನುವ ಲೆಕ್ಕ ಎಷ್ಟೋ ಸಲ ತಪ್ಪುವುದು ಇದಕ್ಕೇ. ಕಾರ್ಬೊರೇಟರ್ ಕಾಯಿಲೆ ಅಂತ ಮೇಸ್ತ್ರಿ ಹತ್ತಿರ ಬರುವ ಗಾಡಿಗಳಲ್ಲಿ ಜಾಸ್ತಿ ಪಾಲು ಕರೆಂಟಿನ ಕಾಯಿಲೆಗಳೇ ಅಂತೆ.

ಕರೆಂಟಿನ ಕಡೆಯ ಇನ್ನೂ ಕೆಲವು ಜಾಗಗಳು ಹೇಳಿಬಿಡುತ್ತೇನೆ. ಪಾಯಿಂಟಿನ ಸಂದಿ 0.4 ಮಿಲಿಮೀಟರ್, ಪ್ಲಗ್ಗಿನ ಸಂದಿ 0.6 ಮಿಲಿಮೀಟರ್. ಸಂದಿ ಅಳೆಯುವ ತೆಳ್ಳನೆ ಪಟ್ಟಿ, ಅಂದರೆ ಫೀಲರ್ ಗೇಜ್, ಇಟ್ಟು ನೋಡಬೇಕು, ಕಣ್ಣಂದಾಜು ಬೇಡ. ಕ್ಯಾಮಿಗೆ ಉಜ್ಜಿಕೊಳ್ಳುವ ಒಂದು ಉಣ್ಣೆ ತುಂಡಿನಲ್ಲಿ ಒಂದೆರಡು ಹನಿ ಎಣ್ಣೆ ಇರಬೇಕು. ಅದು ಒಣಗಿದರೆ ಪಾಯಿಂಟಿನ ಫೈಬರ್ ಹಿಮ್ಮಡಿ ಸವೆಯುತ್ತದೆ, ಸಂದಿ ಕಿರಿದಾಗುತ್ತದೆ, ಟೈಮಿಂಗ್, ಅಂದರೆ ಕಿಡಿ ಬರಬೇಕಾದ ಹೊತ್ತು, ತಾನಾಗಿ ಹಿಂದೆ ಬೀಳುತ್ತದೆ. ಯಾರೂ ಟೈಮಿಂಗ್ ಮುಟ್ಟಿಯೇ ಇಲ್ಲ, ಆದರೂ ಅದು ತಪ್ಪಿರುತ್ತದೆ. ಎಣ್ಣೆ ಜಾಸ್ತಿ ಹಾಕಿದರೂ ಪಾಯಿಂಟಿಗೆ ಹಾರಿ ಅಂಟುತ್ತದೆ. ಪಾಯಿಂಟ್ ಯಾವಾಗ ಬಿಟ್ಟುಕೊಳ್ಳುತ್ತದೆ ಅಂತ ನೋಡಲು ಹಳೆಯ ಮೇಸ್ತ್ರಿಗಳು ಸಿಗರೇಟ್ ಪ್ಯಾಕಿನ ತೆಳ್ಳನೆ ಹಾಳೆ ಸಿಕ್ಕಿಸಿ ಮೆಲ್ಲಗೆ ಎಳೆಯುತ್ತಾ ಇಂಜಿನ್ ತಿರುಗಿಸುತ್ತಾರೆ. ಹಾಳೆ ಜಾರಿದ ಕ್ಷಣವೇ ಕಿಡಿ ಹುಟ್ಟುವ ಕ್ಷಣ. ನೋಡಲು ಚೆಂದದ ಕೆಲಸ.

6 ವೋಲ್ಟಿನ ಗಾಡಿಯಲ್ಲಿ ಅರ್ಧ ವೋಲ್ಟ್ ಕೂಡ ದೊಡ್ಡ ಮೊತ್ತ. ಬ್ಯಾಟರಿಯಲ್ಲಿ ಸರಿಯಾಗಿ ಇದ್ದು, ಕೀ ಹಾಕುವ ಸ್ವಿಚ್ಚಿನ ಹಳೇ ಹಿತ್ತಾಳೆ ಪಟ್ಟಿ ಕಿಲುಬು ಹಿಡಿದು ಒಂದೂವರೆ ವೋಲ್ಟ್ ಅಲ್ಲೇ ನುಂಗಿದರೆ ಕಾಯಿಲಿಗೆ ಉಳಿಯುವುದು ಎಷ್ಟು? ಮಲ್ಟಿಮೀಟರ್ ಇದ್ದರೆ ಕಾಯಿಲಿನ ಹತ್ತಿರವೇ ಅಳೆಯಿರಿ. ಪಾಯಿಂಟ್ ಮುಚ್ಚಿರುವಾಗ ಅಳೆಯಬೇಕು. ಕರೆಂಟು ಹರಿಯುತ್ತಿರುವಾಗ ಮಾತ್ರ ಆ ನಷ್ಟ ಕಾಣುತ್ತದೆ. ಕಿಕ್ ಹೊಡೆಯುವ ವೇಗಕ್ಕೆ ಡೈನಮೋ ಹೆಚ್ಚೇನೂ ಕೊಡುವುದಿಲ್ಲ. ಬ್ಯಾಟರಿ ಸೊರಗಿದ ಗಾಡಿ ಕಿಕ್ಕಿಗೆ ಏಳದೆ, ಎರಡನೇ ಗೇರಿನಲ್ಲಿ ತಳ್ಳಿದರೆ ಏಳುವುದಕ್ಕೆ ಇದೂ ಒಂದು ಕಾರಣ. ತಳ್ಳಿದರೆ ಸ್ಟಾರ್ಟ್, ಕಿಕ್ಕಿಗೆ ಇಲ್ಲ ಅಂದರೆ ಮೊದಲು ಬ್ಯಾಟರಿ ನೋಡಿ.

ಹೊಸದಾಗಿ ರೀಸ್ಟೋರ್ ಮಾಡಿಸಿದ ಗಾಡಿಗಳಲ್ಲಿ ಒಂದು ತೊಂದರೆ ಪದೇ ಪದೇ ಕಾಣುತ್ತದೆ. ಫ್ರೇಮಿಗೆ ಪೌಡರ್ ಕೋಟಿಂಗ್ ಮಾಡಿಸಿರುತ್ತಾರೆ. ಗಟ್ಟಿ, ಹೊಳೆಯುವ, ಚೆಂದದ ಬಣ್ಣ. ಆದರೆ ಬಣ್ಣದಲ್ಲಿ ಕರೆಂಟು ಹರಿಯುವುದಿಲ್ಲ. ಇಂಜಿನ್ ಕೂರುವ ಜಾಗ, ಬ್ಯಾಟರಿಯ ಅರ್ಥ್ ತಂತಿ ಬಿಗಿಯುವ ಜಾಗ, ಎಲ್ಲಕ್ಕೂ ಬಣ್ಣ ಹೊಡೆದಿರುತ್ತದೆ. ಲಕ್ಷಗಟ್ಟಲೆ ಖರ್ಚು ಮಾಡಿದ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಬೋಲ್ಟಿನ ಕೆಳಗೆ ಒಂದು ರೂಪಾಯಿ ಅಗಲದಷ್ಟು ಬಣ್ಣ ಕೆರೆದು, ಇಂಜಿನ್ನಿನಿಂದ ಬ್ಯಾಟರಿಗೆ ಬೇರೆಯೇ ಒಂದು ಅರ್ಥ್ ತಂತಿ ಎಳೆದರೆ ಸರಿಹೋಗುತ್ತದೆ.

ಪ್ಲಗ್ ವಿಷಯಕ್ಕೆ ಬಂದರೆ, ನಮ್ಮ ಕಡೆ ಹಿರಿಯರು ಈಗಲೂ "ಮೈಕೋ ಪ್ಲಗ್" ಅಂತಲೇ ಕೇಳುತ್ತಾರೆ. ಬೆಂಗಳೂರಿನ ಆಡುಗೋಡಿಯ ಆ ಕಂಪನಿ 2008ರಲ್ಲಿ ಬಾಷ್ ಅಂತ ಹೆಸರು ಬದಲಾಯಿಸಿಕೊಂಡಿತು. ಹೆಸರು ಹೋದರೂ ಅಂಗಡಿ ಕೌಂಟರಿನ ಮಾತಿನಲ್ಲಿ ಮೈಕೋ ಉಳಿದಿದೆ. ಬ್ರಾಂಡ್ ಯಾವುದಾದರೂ ಆಗಲಿ, ಬಿಚ್ಚಿದ ಪ್ಲಗ್ ಒಂದು ಪತ್ರ ಇದ್ದ ಹಾಗೆ, ಓದಬೇಕು. ಬಹಳ ಹೊತ್ತು ಕಿಕ್ ಹೊಡೆದ ಮೇಲೂ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ತೊಯ್ದಿದ್ದರೆ ಬರುತ್ತಿದೆ, ಹೊತ್ತಿಕೊಳ್ಳುತ್ತಿಲ್ಲ. ಇಷ್ಟು ನೋಡಿದರೆ ಹುಡುಕುವ ದಾರಿ ಎರಡರಲ್ಲಿ ಒಂದಾಗುತ್ತದೆ.

ಇನ್ನು ಪೆಟ್ರೋಲ್. ತಿಂಗಳುಗಟ್ಟಲೆ ನಿಂತ ಗಾಡಿ ಏಳುತ್ತಿಲ್ಲ ಅಂದರೆ ನಾನು ಮೊದಲು ಅನುಮಾನ ಪಡುವುದು ಇದನ್ನೇ. ಜಾವಾ ಟೂ ಸ್ಟ್ರೋಕ್. ಪೆಟ್ರೋಲಿನ ಜೊತೆ ಆಯಿಲ್ ಬೆರೆಸಿಯೇ ಹಾಕಬೇಕು. ಈಗಿನ ಒಳ್ಳೆಯ 2ಟಿ ಆಯಿಲ್ ಆದರೆ ನಮ್ಮ ಮೇಸ್ತ್ರಿ ಲೀಟರಿಗೆ 40 ಎಂಎಲ್ ಹೇಳುತ್ತಾರೆ. ಗಾಡಿ ನಿಂತಾಗ ಕಾರ್ಬೊರೇಟರಿನ ಬಟ್ಟಲಲ್ಲಿರುವ ಪೆಟ್ರೋಲ್ ಆವಿಯಾಗುತ್ತದೆ, ಆಯಿಲ್ ಆವಿಯಾಗುವುದಿಲ್ಲ. ಒಂದೆರಡು ತಿಂಗಳಾದ ಮೇಲೆ ಬಟ್ಟಲಲ್ಲಿ ಉಳಿಯುವುದು ಬಹುಪಾಲು ಆಯಿಲ್. ಅದನ್ನು ಎಷ್ಟು ಕಿಕ್ ಹೊಡೆದು ಹೊತ್ತಿಸುತ್ತೀರಿ? ಊರಿಗೆ ಹೋಗುವ ಮುಂಚೆ ಪೆಟ್ರೋಲ್ ಕಾಕ್ ಮುಚ್ಚಿ, ಇಂಜಿನ್ ತಾನಾಗಿ ನಿಲ್ಲುವ ತನಕ ಓಡಲು ಬಿಟ್ಟರೆ ಬಟ್ಟಲು ಖಾಲಿಯಾಗುತ್ತದೆ. ವಾಪಸ್ ಬಂದಾಗ ಟ್ಯಾಂಕನ್ನು ಒಮ್ಮೆ ಅಲ್ಲಾಡಿಸಿ ಹೊಸದಾಗಿ ಪೆಟ್ರೋಲ್ ಬಿಟ್ಟುಕೊಂಡರೆ ಆಯಿತು.

ಈಚೆಗೆ ಇದಕ್ಕೆ ಇನ್ನೊಂದು ತೊಡಕು ಸೇರಿದೆ. ಶೇಕಡ 20 ಎಥೆನಾಲ್ ಬೆರೆಸಿದ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದರು. ಈಗ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ. ಕಬ್ಬು ಬೆಳೆಯುವ ಮಂಡ್ಯದ ಪಕ್ಕದಲ್ಲಿ ಕೂತು ನಾನು ಎಥೆನಾಲ್ ಬೇಡ ಅನ್ನಲಾರೆ. ಅದರಿಂದ ರೈತರಿಗೆ ಒಂದು ದಾರಿ ಇದೆ. ಆದರೆ ಅರವತ್ತರ ದಶಕದ ಗಾಡಿಯನ್ನು ಅದಕ್ಕಾಗಿ ಮಾಡಿರಲಿಲ್ಲ. ಎಥೆನಾಲ್ ಗಾಳಿಯಲ್ಲಿರುವ ತೇವ ಎಳೆದುಕೊಳ್ಳುತ್ತದೆ. ಒಂದು ಮಟ್ಟದವರೆಗೆ ಆ ನೀರು ಪೆಟ್ರೋಲಿನಲ್ಲೇ ಕರಗಿರುತ್ತದೆ. ಅದು ಮೀರಿದರೆ ನೀರು ಮತ್ತು ಎಥೆನಾಲ್ ಎರಡೂ ಸೇರಿ ತಳಕ್ಕೆ ಇಳಿಯುತ್ತವೆ. ಪೆಟ್ರೋಲ್ ಕಾಕ್ ಇರುವುದೂ ತಳದಲ್ಲೇ. ಅಂದರೆ ಕಾರ್ಬೊರೇಟರಿಗೆ ಮೊದಲು ಹೋಗುವುದು ಆ ನೀರೇ.

ಮಲೆನಾಡಿನ ಸ್ನೇಹಿತರೊಬ್ಬರ ಗಾಡಿಯಲ್ಲಿ ಇದನ್ನು ಕಣ್ಣಾರೆ ನೋಡಿದೆ. ಮಳೆಗಾಲ ಪೂರ್ತಿ ಕೊಟ್ಟಿಗೆಯಲ್ಲಿ, ಕಾಲು ಟ್ಯಾಂಕ್ ಪೆಟ್ರೋಲಿನೊಂದಿಗೆ ನಿಂತಿತ್ತು. ಪೈಪ್ ಕಳಚಿ ಒಂದು ಗಾಜಿನ ಬಾಟಲಿಗೆ ಸ್ವಲ್ಪ ಇಳಿಸಿ ಕಟ್ಟೆಯ ಮೇಲೆ ಇಟ್ಟೆವು. ಕಾಫಿ ಕುಡಿದು ಬರುವಷ್ಟರಲ್ಲಿ ಬಾಟಲಿಯಲ್ಲಿ ಎರಡು ಪದರ. ಮೇಲೆ ಆಯಿಲಿನ ಬಣ್ಣ ಹಿಡಿದ ಪೆಟ್ರೋಲ್. ಕೆಳಗೆ ಒಂದು ಬೆರಳಿನಷ್ಟು ಮಸುಕಾದ ನೀರಿನಂಥ ದ್ರವ, ಅದರಲ್ಲಿ ಟ್ಯಾಂಕಿನ ತುಕ್ಕಿನ ಕೆಂಪು ಪುಡಿ. ಆ ಗಾಡಿಗೆ ಅದಕ್ಕೆ ಮುಂಚೆ ಹೊಸ ಕಾಯಿಲ್ ಹಾಕಿಸಿದ್ದರು. ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ತೊಳೆದು, ಬಿಸಿಲಿಗೆ ಒಣಗಿಸಿ, ಹೊಸ ಪೆಟ್ರೋಲ್ ಹಾಕಿದೆವು. ಬೇರೆ ಏನೂ ಮಾಡಲಿಲ್ಲ, ಸ್ಟಾರ್ಟ್ ಆಯಿತು. ನಿಲ್ಲಿಸಿ ಇಡುವ ಗಾಡಿಯ ಟ್ಯಾಂಕ್ ಒಂದೋ ಪೂರ್ತಿ ತುಂಬಿರಬೇಕು, ಇಲ್ಲ ಪೂರ್ತಿ ಖಾಲಿ ಇರಬೇಕು. ಕಾಲು ಭಾಗ ಪೆಟ್ರೋಲ್, ಮುಕ್ಕಾಲು ಭಾಗ ತೇವದ ಗಾಳಿ ಇರುವುದು ಎಲ್ಲಕ್ಕಿಂತ ಕೆಟ್ಟದ್ದು.

ಎಥೆನಾಲ್ ಹಳೇ ರಬ್ಬರನ್ನೂ ಮೆತ್ತಗೆ ಮಾಡುತ್ತದೆ. ಪೈಪು, ಕಾಕಿನ ವಾಷರ್, ಕಾರ್ಬೊರೇಟರಿನ ಬಟ್ಟಲು ತುಂಬಿದಾಗ ಪೆಟ್ರೋಲ್ ತಡೆಯುವ ಫ್ಲೋಟ್ ಸೂಜಿಯ ತುದಿ, ಯಾವುದರಲ್ಲಿ ರಬ್ಬರ್ ಇದೆಯೋ ಅದನ್ನೆಲ್ಲ ಎಥೆನಾಲ್ ತಡೆಯುವಂಥದ್ದಕ್ಕೆ ಬದಲಾಯಿಸಿಕೊಳ್ಳುವುದು ಒಳ್ಳೆಯದು.

ಪೆಟ್ರೋಲ್ ಜಾಸ್ತಿ ಆಗುವುದೂ ಒಂದು ಕಾಯಿಲೆಯೇ. ಕಾಕ್ ಮುಚ್ಚದೆ ಮಲಗಿದರೆ, ಫ್ಲೋಟ್ ಸೂಜಿ ಸರಿಯಾಗಿ ಕೂರದಿದ್ದರೆ, ರಾತ್ರಿಯೆಲ್ಲ ಪೆಟ್ರೋಲ್ ಜಿನುಗಿ ಪಿಸ್ಟನ್ನಿನ ಕೆಳಗಿನ ಕೋಣೆಗೆ, ಅಂದರೆ ಕ್ರ್ಯಾಂಕ್ ಕೇಸಿಗೆ, ಇಳಿಯುತ್ತದೆ. ಬೆಳಗ್ಗೆ ಕಿಕ್ ಹೊಡೆದರೆ ಪ್ಲಗ್ ಒದ್ದೆಮುದ್ದೆ. ಆಗ ಇನ್ನೂ ಕಿಕ್ ಹೊಡೆದಷ್ಟೂ ಕೆಡುತ್ತದೆ. ಕಾಕ್ ಮುಚ್ಚಿ, ಕೀ ತೆಗೆದು, ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು ಕಿಕ್ ಹೊಡೆಯಬೇಕು. ಒಳಗಿದ್ದದ್ದು ಪ್ಲಗ್ ತೂತಿನಿಂದ ಸಿಂಪಡಿಸಿ ಹೊರಬರುತ್ತದೆ, ಮುಖ ದೂರ ಇಟ್ಟುಕೊಳ್ಳಿ. ಹತ್ತಿರ ಬೀಡಿ ಸಿಗರೇಟು ಸೇದುವವರು ಇದ್ದರೆ ಕಳಿಸಿಬಿಡಿ. ಆಮೇಲೆ ಒಣಗಿದ ಪ್ಲಗ್ ಹಾಕಿ. ಹಳೇ ಹಿತ್ತಾಳೆ ಫ್ಲೋಟನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿ. ಒಳಗೆ ಕುಲುಕುಲು ಅಂದರೆ ತೂತಾಗಿ ಪೆಟ್ರೋಲ್ ಕುಡಿದಿದೆ. ಅದು ಮೇಲೆ ತೇಲುವುದಿಲ್ಲ, ಪೆಟ್ರೋಲ್ ನಿಲ್ಲುವುದೂ ಇಲ್ಲ.

ಮೂರನೇ ಬಗೆಯ ತೊಂದರೆ ಮೆಲ್ಲಗೆ ಬರುವಂಥದ್ದು. ವರ್ಷದಿಂದ ವರ್ಷಕ್ಕೆ ಒಂದೆರಡು ಕಿಕ್ ಜಾಸ್ತಿ ಆಗುತ್ತಾ ಹೋಗುತ್ತದೆ, ಯಾರ ಗಮನಕ್ಕೂ ಬರುವುದಿಲ್ಲ. "ಹಳೇ ಗಾಡಿ ಹಾಗೇನೇ" ಅನ್ನುವ ಮಾತು ಹುಟ್ಟಿದ್ದು ಬಹುಶಃ ಇದರಿಂದಲೇ. ಕಾರಣ ಪಿಸ್ಟನ್ನಿನ ಸವೆದ ರಿಂಗು, ಸಿಲಿಂಡರಿನ ಸವೆದ ಬೋರು ಇರಬಹುದು. ಸೈಲೆನ್ಸರಿನಲ್ಲಿ ಕಟ್ಟಿದ ಕಾರ್ಬನ್ ಇರಬಹುದು. ಜಾವಾಕ್ಕೆ ಸಿಲಿಂಡರ್ ಒಂದೇ ಆದರೂ ಸೈಲೆನ್ಸರ್ ಎರಡು. ಒಳಗಿನ ಕೊಳವೆ ಎಳೆದು ತೆಗೆದು, ಬೆಂಕಿಯಲ್ಲಿ ಸುಟ್ಟು ಬಡಿದರೆ ಕರಿ ಉದುರುತ್ತದೆ. ಅದು ಸುಲಭ. ಕಷ್ಟದ್ದು ಆಯಿಲ್ ಸೀಲ್.

ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಪಿಸ್ಟನ್ನಿನ ಕೆಳಗಿನ ಕೋಣೆಯೂ ಉಸಿರಾಡುತ್ತದೆ. ಪಿಸ್ಟನ್ ಮೇಲೆ ಹೋದಾಗ ಅಲ್ಲಿಗೆ ಪೆಟ್ರೋಲ್ ಮಿಶ್ರಣ ಬರುತ್ತದೆ, ಕೆಳಗೆ ಬಂದಾಗ ಅದನ್ನು ಮೇಲಕ್ಕೆ ದಬ್ಬುತ್ತದೆ. ಪಿಸ್ಟನ್ನಿನಿಂದ ತಿರುಗುವ ದಂಡ, ಅಂದರೆ ಕ್ರ್ಯಾಂಕಿನ, ಎರಡೂ ತುದಿಗೆ ಇರುವ ಸೀಲುಗಳು ಆ ಕೋಣೆಯನ್ನು ಬಿಗಿಯಾಗಿ ಮುಚ್ಚಿರಬೇಕು. ಗಾಡಿ ವರ್ಷಗಟ್ಟಲೆ ನಿಂತರೆ ರಬ್ಬರ್ ಒಣಗಿ ಗಟ್ಟಿಯಾಗುತ್ತದೆ. ಬಲಗಡೆಯ ಸೀಲ್ ಹೋದರೆ ಡೈನಮೋ ಕಡೆಯಿಂದ ಹೊರಗಿನ ಗಾಳಿ ನುಗ್ಗುತ್ತದೆ. ಮಿಶ್ರಣ ತೆಳ್ಳಗಾಗಿ ತಣ್ಣಗಿನ ಇಂಜಿನ್ ಹೊತ್ತಿಕೊಳ್ಳುವುದಿಲ್ಲ. ಹೊತ್ತಿಕೊಂಡರೂ ಆಕ್ಸಿಲರೇಟರ್ ಬಿಟ್ಟ ಮೇಲೆ ಸದ್ದು ತಾನಾಗಿ ಏರುತ್ತದೆ. ಪಾಯಿಂಟಿನ ಸುತ್ತ ಎಣ್ಣೆ ಜಿಡ್ಡು ಕಟ್ಟಿರುತ್ತದೆ. ಎಡಗಡೆಯದ್ದು ಹೋದರೆ ಕ್ಲಚ್ ಕಡೆಯ ಗೇರ್ ಆಯಿಲ್ ಒಳಗೆ ಎಳೆದುಕೊಂಡು ಬೀದಿ ತುಂಬ ಬಿಳಿ ಹೊಗೆ. ಹೊಗೆ ಜಾಸ್ತಿ ಇದೆ ಅಂತ ಪೆಟ್ರೋಲಿಗೆ ಆಯಿಲ್ ಕಮ್ಮಿ ಮಾಡುವವರು ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಪಿಸ್ಟನ್ ಹಿಡಿದುಕೊಳ್ಳುತ್ತದೆ. ಗೇರ್ ಆಯಿಲ್ ಮಟ್ಟ ಇಳಿಯುತ್ತಿದೆಯಾ ಅಂತ ಮೊದಲು ನೋಡಿ.

ಸೀಲ್ ಬೆಲೆ ತೀರಾ ಕಮ್ಮಿ. ಅದನ್ನು ಹಾಕುವ ಕೆಲಸ ದೊಡ್ಡದು. ಅದಕ್ಕೇ ಜನ ಕ್ರೋಮ್ ಮಾಡಿಸುತ್ತಾರೆ, ಟ್ಯಾಂಕಿಗೆ ಚಿನ್ನದ ಗೆರೆ ಬರೆಸುತ್ತಾರೆ, ಸೀಲನ್ನು ಮುಂದಕ್ಕೆ ಹಾಕುತ್ತಾರೆ. ಗಾಡಿಯ ಮೇಲೆ ಪ್ರೀತಿ ಇರುವವರು ಮೊದಲ ದುಡ್ಡನ್ನು ಒಳಗೇ ಹಾಕಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹೊಳಪಿಗೆ ಆಮೇಲೂ ಸಮಯ ಇರುತ್ತದೆ.

ಹುಡುಕುವಾಗ ಪಾಲಿಸಬೇಕಾದ ಒಂದು ಶಿಸ್ತನ್ನೂ ಮೇಸ್ತ್ರಿ ಕೈಯಲ್ಲೇ ನೋಡಿ ಕಲಿತೆ. ಅವರು ಒಂದು ಸಲಕ್ಕೆ ಒಂದನ್ನೇ ಮುಟ್ಟುತ್ತಾರೆ. ಪ್ಲಗ್ ಬದಲಾಯಿಸಿದರೆ ಕಿಕ್ ಹೊಡೆದು ನೋಡುತ್ತಾರೆ. ಆಗಲಿಲ್ಲವಾ, ಹಳೇ ಪ್ಲಗ್ಗನ್ನೇ ವಾಪಸ್ ಹಾಕಿ ಮುಂದಿನದ್ದಕ್ಕೆ ಹೋಗುತ್ತಾರೆ. ಪ್ಲಗ್, ಕಾಯಿಲ್, ಪಾಯಿಂಟ್ ಮೂರನ್ನೂ ಒಟ್ಟಿಗೆ ಬದಲಾಯಿಸಿದರೆ ಗಾಡಿ ಸರಿಹೋಗಬಹುದು, ಆದರೆ ಯಾವುದರಿಂದ ಅಂತ ತಿಳಿಯುವುದಿಲ್ಲ. ಹೊಸದರಲ್ಲಿ ಒಂದು ಕೆಟ್ಟದ್ದು ಬಂದಿದ್ದರೆ ಇನ್ನೂ ಗೋಜಲು. ಬಿಚ್ಚಿದ ಹಳೆಯದನ್ನು ಅವರು ಎಸೆಯುವುದೂ ಇಲ್ಲ, ಒಂದು ಡಬ್ಬಿಗೆ ಹಾಕಿ ನಮ್ಮ ಕೈಗೇ ಕೊಡುತ್ತಾರೆ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಸ್ಪೇರ್ ಹುಡುಕುವಾಗ ಆ ಹಳೆಯ ತುಂಡು ಜೇಬಿನಲ್ಲಿದ್ದರೆ ಮಾತು ಕಮ್ಮಿ, ಕೆಲಸ ಜಾಸ್ತಿ. ಕೌಂಟರ್ ಮೇಲೆ ಅದನ್ನು ಇಟ್ಟರೆ ಸಾಕು.

ಎಲ್ಲ ಸರಿ ಇರುವ ಜಾವಾವನ್ನು ಬೆಳಗ್ಗೆ ಎಬ್ಬಿಸುವ ಕ್ರಮ ಹೀಗೆ. ಕಾಕ್ ತೆರೆಯಿರಿ. ಕಾರ್ಬೊರೇಟರ್ ಮೇಲಿನ ಟಿಕ್ಲರ್ ಪಿನ್ನನ್ನು ಪೆಟ್ರೋಲ್ ಕಾಣುವ ತನಕ ಒತ್ತಿ ಹಿಡಿಯಿರಿ, ಕಂಡ ಕೂಡಲೇ ಬಿಡಿ. ಕೀ ಹಾಕದೆ ಒಂದೆರಡು ಸಲ ಮೆಲ್ಲಗೆ ಕಿಕ್ ಒತ್ತಿ, ಮಿಶ್ರಣ ಒಳಗೆ ಹೋಗಲಿ. ಜಾವಾದ ಕಿಕ್ಕರ್ ಮತ್ತು ಗೇರ್ ಲಿವರ್ ಒಂದೇ. ಒಳಕ್ಕೆ ಒತ್ತಿ ಮೇಲೆ ತಿರುಗಿಸಿದರೆ ಕಿಕ್ಕರ್ ಆಗುತ್ತದೆ. ಈಗ ಕೀ ಹಾಕಿ, ಆಕ್ಸಿಲರೇಟರ್ ಸ್ವಲ್ಪವೇ ತೆರೆದು, ಕಾಲಿನ ಪೂರ್ತಿ ಭಾರ ಬಿಟ್ಟು ಒಂದು ಕಿಕ್. ಬಿಸಿ ಇಂಜಿನ್ನಿಗೆ ಟಿಕ್ಲರ್ ಒತ್ತಬಾರದು. ಇದು ತಿಳಿಯದೆ ಎಷ್ಟೋ ಒಳ್ಳೆಯ ಗಾಡಿಗಳಿಗೆ ಕೆಟ್ಟ ಹೆಸರು ಬಂದಿದೆ.

ನಮ್ಮ ಗಾಡಿ ಈಗ ಬೆಳಗ್ಗೆಯೂ ಏಳುತ್ತದೆ, ಬಿಸಿಯಲ್ಲೂ ಏಳುತ್ತದೆ. ಆದರೆ ಮೊನ್ನೆ ಕ್ಯಾಮಿನ ಉಣ್ಣೆ ತುಂಡಿಗೆ ಎಣ್ಣೆ ಹಾಕಲು ಬಲಗಡೆಯ ಕವರ್ ತೆಗೆದಾಗ ಡೈನಮೋ ಅಡಿಯಲ್ಲಿ ಜಿಡ್ಡು ಒದ್ದೆಯಾಗಿರುವುದು ಕಂಡಿತು. ಒರೆಸಿ, ಒಂದು ವಾರ ಓಡಿಸಿ ಮತ್ತೆ ತೆಗೆದು ನೋಡಿದೆ. ಮತ್ತೆ ಒದ್ದೆ. ಮೇಸ್ತ್ರಿಗೆ ಫೋನ್ ಮಾಡಿದೆ. "ಸಿಗ್ನಲ್ಲಲ್ಲಿ ನಿಂತಾಗ ಸದ್ದು ಏರ್ತದಾ ಸಾರ್?" ಅಂತ ಕೇಳಿದರು. ಇನ್ನೂ ಇಲ್ಲ ಅಂದೆ. "ಹಾಗಾದ್ರೆ ಟೈಮ್ ಇದೆ. ಸೀಲ್ ತಂದಿಟ್ಕೊಳಿ, ದಸರಾ ಮುಗೀಲಿ, ಇಂಜಿನ್ ಇಳಿಸೋಣ" ಅಂದರು. ಎರಡೂ ಕಡೆಯ ಸೀಲ್ ತರಿಸಿಟ್ಟಿದ್ದೇನೆ. ಇಂಜಿನ್ ಇಳಿಸುವ ದಿನ ಅಕ್ಕನ ಮಗನನ್ನೂ ಬರಲು ಹೇಳಿದ್ದೇನೆ. ಅವನು ಐಟಿಐ ಓದುತ್ತಿದ್ದಾನೆ, ಪಾಯಿಂಟ್ ಇರುವ ಗಾಡಿಯನ್ನು ಇನ್ನೂ ಬಿಚ್ಚಿ ನೋಡಿಲ್ಲ.